ಬಕೆಟ್ ನೌಕೆಯ ರೆಫರಿ

ಜೂನ್ 2, ಸೋಮವಾರ

ಇವತ್ತೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಊಟ. ಆರು ಜನ ಕೂರುವ ಮೇಜು ಮನೆಯ ನಟ್ಟನಡುವೆ ಇದೆ. ಅದಕ್ಕೆ ಚಾದರ ಹೊದಿಸಿ, ಯಾರೂ ಮುಟ್ಟಕೂಡದು ಎಂದು ಈ ಮನೆಯ ಯಜಮಾನಿ, ನನ್ನ ತಂಗಿ ಪುಟ್ಟಿಯ ಅಪ್ಪಣೆ. ಕೆಳಗೇನು ಚಿನ್ನದ ಗಟ್ಟಿ ಇದೆಯೆ? ಅವಳ ಗಂಡ ಸಾಯುವ ಮುಂಚಿನ ಶನಿವಾರ ಅರ್ಧಕ್ಕೆ ಬಿಟ್ಟ ಆಟ ಇದೆ. ಒಂದು ನಕ್ಷೆ, ನಾಲ್ಕಾರು ಅಂಗಿಗುಂಡಿ, ಬಾಟಲಿ ಮುಚ್ಚಳ, ಬಣ್ಣಬಣ್ಣದ ದಾಳ. ಭಾವ ವಾರವಿಡೀ ನೀರಿನ ಪಂಪು ರಿಪೇರಿ ಮಾಡಿ, ಶನಿವಾರ ಸಂಜೆ ಸ್ನೇಹಿತರನ್ನು ಕೂರಿಸಿಕೊಂಡು ಬಾಹ್ಯಾಕಾಶ ನೌಕೆ ಓಡಿಸುತ್ತಿದ್ದನಂತೆ. ಸತ್ತವರನ್ನು ಆಡಿಕೊಳ್ಳಬಾರದು ನಿಜ. ನಾನು ಆಡಿಕೊಳ್ಳುತ್ತಿಲ್ಲ, ಬರೆದುಕೊಳ್ಳುತ್ತಿದ್ದೇನೆ.

ಅವನು ಹೋಗಿ ಎರಡು ತಿಂಗಳಾಯಿತು. ಪುಟ್ಟಿ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ನಲವತ್ತೆಂಟು ದಾಟಿದವಳು, ನನ್ನ ಬಾಯಲ್ಲಿ ಇನ್ನೂ ಪುಟ್ಟಿಯೇ. ತಲೆ ಬಾಚಿಕೊಳ್ಳುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದ್ದು. ಅಂಗಡಿಯ ಯಜಮಾನ ಇವತ್ತು ಫೋನ್ ಮಾಡಿದ್ದ. "ಈ ತಿಂಗಳ ಕೊನೆವರೆಗೂ ಕಾಯ್ತೀನಿ ಸರ್. ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ" ಎಂದ. ಒಳ್ಳೆಯವನೇ. ಪುಟ್ಟಿಗೆ ಹೇಳಿದೆ. "ಹೂಂ" ಎಂದಳು. ಗೋಡೆಗೆ ಹೇಳಿದ್ದರೂ ಅಷ್ಟೇ ಉತ್ತರ ಬರುತ್ತಿತ್ತು.

ಈ ಮನೆ ಖಾಲಿ ಮಾಡಿಸಿ ಅವಳನ್ನು ನನ್ನ ಜೊತೆ ಕರೆದುಕೊಂಡು ಹೋಗುವುದೇ ಸರಿ. ಹೇಗೂ ನನಗೂ ಬೇರೆ ಕೆಲಸವಿಲ್ಲ. ವಯಸ್ಸಾಯಿತೆಂದು ಸಂಘದವರು ರೆಫರಿಗಳ ಪಟ್ಟಿಯಿಂದ ನನ್ನ ಹೆಸರು ತೆಗೆದರು. ವಾಲಿಬಾಲ್ ಅಂಕಣದ ಎತ್ತರದ ಕುರ್ಚಿಯಲ್ಲಿ ಅರ್ಧ ಆಯುಷ್ಯ ಕೂತವನನ್ನು ಒಂದು ಗೋಡೆ ಗಡಿಯಾರ ಕೊಟ್ಟು ಕೆಳಗಿಳಿಸಿದರು. ಗಡಿಯಾರವೂ ನಿಧಾನ ಓಡುತ್ತದೆ.

ಜೂನ್ 3, ಮಂಗಳವಾರ

ಪುಟ್ಟಿ ಬಾಯಿ ಬಿಟ್ಟಳು. ಬಿಟ್ಟದ್ದು ಯಾಕೆ ಎಂದು ಕೇಳಿದರೆ ಯಾರಾದರೂ ನಗಬೇಕು.

"ಅಣ್ಣ, ನನ್ನ ಪೈಲಟ್ ನೌಕೆ ಹೊರಗೆ ತೇಲ್ತಿದಾಳೆ. ಕಟ್ಟಿಕೊಂಡ ಹಗ್ಗ ಹರಿದಿದೆ. ಗಾಳಿ ಮುಗೀತಾ ಬಂತು. ಇನ್ನೊಂದೇ ಒಂದು ಸಲ ದಾಳ ಹಾಕೋದಿತ್ತು. 'ಮುಂದಿನ ಶನಿವಾರ ನೋಡೋಣ, ಅಲ್ಲೀವರೆಗೂ ಉಸಿರು ಬಿಗಿ ಹಿಡ್ಕೊಂಡಿರು' ಅಂತ ನಗ್ತಾ ಎದ್ರು. ಬುಧವಾರ ಹೋಗ್ಬಿಟ್ರು."

ಆ ಆಟದಲ್ಲಿ ಇವಳದ್ದು ಪೈಲಟ್ ಪಾತ್ರವಂತೆ. ಏನು ಹೇಳುವುದು? ಗಂಡ ಹೋದ ದುಃಖ ಒಂದು ಕಡೆ, ಇಲ್ಲದ ಆಕಾಶದಲ್ಲಿ ಇಲ್ಲದ ಹೆಂಗಸು ತೇಲುವುದು ಇನ್ನೊಂದು ಕಡೆ. ಆ ದಾಳ ಹಾಕಿ ಮುಗಿಸಬೇಕಂತೆ. ಇಪ್ಪತ್ತು ಮುಖದ ದಾಳ, ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಪೈಲಟ್ ಬಾಗಿಲಿನ ಹಿಡಿ ಹಿಡಿಯುತ್ತಾಳೆ. ಕಡಿಮೆ ಬಿದ್ದರೆ ಕಥೆ ಮುಗಿಯಿತು. ಭಾವನ ಜಾಗದಲ್ಲಿ ರೆಫರಿಯಾಗಿ ನಾನು ಕೂರಬೇಕಂತೆ.

"ನಿನ್ ಸ್ನೇಹಿತರು ಇದಾರಲ್ಲ, ಅವರಿಗೆ ಹೇಳು" ಎಂದೆ.

"ಅವರು ಕೂತ್ರೆ ನನ್ನನ್ನ ಉಳಿಸಿಬಿಡ್ತಾರೆ ಅಣ್ಣ. ಪಾಪ ಅಂತ. ಅದು ನನಗೆ ಗೊತ್ತಾಗಿಬಿಡುತ್ತೆ. ಇಡೀ ಪ್ರಪಂಚದಲ್ಲಿ ನನಗೋಸ್ಕರ ಸುಳ್ಳು ಹೇಳದೇ ಇರೋನು ನೀನೊಬ್ಬನೇ."

ಅದು ನಿಜ. ಅವಳ ಶಾಲೆಯ ಫೈನಲ್ಲಿಗೆ ನಾನೇ ರೆಫರಿ. ಕೊನೆಯ ಪಾಯಿಂಟಿನಲ್ಲಿ ಅವಳ ಬೆರಳ ತುದಿ ನೆಟ್ಟಿಗೆ ತಾಗಿತು. ಯಾರೂ ನೋಡಲಿಲ್ಲ, ನಾನು ನೋಡಿದೆ, ಸೀಟಿ ಊದಿದೆ. ಅವಳ ತಂಡ ಸೋತಿತು. ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ತಾನೇ ಬಂದು "ತಾಗಿದ್ದು ನಿಜ" ಎಂದಳು. ಇವತ್ತಿಗೂ ನಾನು ಮಾಡಿದ್ದರಲ್ಲಿ ತಪ್ಪಿಲ್ಲ.

"ಪೈಲಟ್ ಸತ್ರೆ?" ಎಂದು ಕೇಳಿದೆ.

"ಸತ್ರೆ ಸತ್ಲು. ಮೇಜು ಖಾಲಿ ಮಾಡಿ, ಕೆಲಸ ಬಿಟ್ಟು, ನಿನ್ ಜೊತೆ ಬರ್ತೀನಿ. ಎಲ್ಲಿ ಕೂರು ಅಂತೀಯೋ ಅಲ್ಲಿ ಕೂತಿರ್ತೀನಿ."

"ಬದುಕಿದ್ರೆ?"

ಅವಳು ಕಿಟಕಿಯ ಕಡೆ ತಿರುಗಿದಳು.

ಸರಿ, ಹಾಗಾದರೆ ಈಗಲೇ ದಾಳ ಹಾಕು, ಮುಗಿಸಿಬಿಡೋಣ ಎಂದೆ. ಸತ್ತರೆ ನನಗೂ ಅನುಕೂಲವೇ, ಮುಂದಿನ ವಾರ ಸಾಮಾನು ಕಟ್ಟಬಹುದು. ಅದಕ್ಕೆ ಅವಳು ಕೊಟ್ಟ ಉತ್ತರ: "ನಿಯಮ ಪುಸ್ತಕ ಓದದೆ ಸೀಟಿ ಊದ್ತೀಯಾ ನೀನು?"

ಕುಟುಕಿದಳು. ಓದುತ್ತೇನೆ.

ಜೂನ್ 4, ಬುಧವಾರ

ಪುಸ್ತಕ ಓದಲು ಕೂತೆ. ಓದಿದ್ದಕ್ಕಿಂತ ಹೊತ್ತದ್ದೇ ಹೆಚ್ಚು, ಅಷ್ಟು ಭಾರ. ನಾನೂರು ಪುಟ. ಹೊದಿಕೆಯ ಮೇಲೆ ಶಿರಸ್ತ್ರಾಣವನ್ನು ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಹೆಂಗಸು, ಹಿಂದೆ ಎರಡು ಸೂರ್ಯ. ಒಂದು ಸಾಲಲಿಲ್ಲ ಅಂತ ಕಾಣುತ್ತದೆ. ಗಾಳಿಯೇ ಇಲ್ಲದ ಜಾಗ, ಆದರೆ ಅವಳ ಕೂದಲು ಹಾರುತ್ತಿದೆ. ಉಸಿರಾಡಲು ಇಲ್ಲದ ಗಾಳಿ ಕೂದಲಿಗೆ ಎಲ್ಲಿಂದ ಬಂತು ಎಂದು ಚಿತ್ರ ಬರೆದವನನ್ನು ನಿಲ್ಲಿಸಿ ಕೇಳಬೇಕು.

ಮೊದಲ ಅಧ್ಯಾಯದಲ್ಲಿ ಈ ಆಟ ಎಂದರೇನು ಎಂಬ ವಿವರಣೆ. ಒಬ್ಬ ಕಥೆ ಹೇಳುತ್ತಾನೆ, ಅವನೇ ರೆಫರಿ. ಉಳಿದವರು "ನಾನು ಬಾಗಿಲು ತೆರೆಯುತ್ತೇನೆ", "ನಾನು ಓಡುತ್ತೇನೆ" ಎನ್ನುತ್ತಾರೆ. ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಇಷ್ಟೇ! ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಚಿಕ್ಕವರಿದ್ದಾಗ ನಾನೂ ಪುಟ್ಟಿಯೂ ಮಂಚದ ಕೆಳಗೆ ಕೂತು ಇದನ್ನೇ ಆಡುತ್ತಿದ್ದೆವು. ಮಂಚವೇ ಹಡಗು, ಅಮ್ಮನ ಪೊರಕೆಯೇ ತಿಮಿಂಗಿಲ. ಆಗ ಯಾರೂ ನಮಗೆ ನಾನೂರು ಪುಟದ ಪುಸ್ತಕ ಕೊಟ್ಟಿರಲಿಲ್ಲ.

"ಈ ಆಟದಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ" ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಗೆಲುವಿಲ್ಲ ಸೋಲಿಲ್ಲ ಎಂದರೆ ಅದು ಆಟವಲ್ಲ, ನಮ್ಮ ಸಂಘದ ವಾರ್ಷಿಕ ಸಭೆ.

ಗ್ರಹಗಳ ವರ್ಣನೆಗೆ ಅರವತ್ತು ಪುಟ. ಒಂದರ ಹೆಸರೂ ಬಾಯಲ್ಲಿ ತಿರುಗುವುದಿಲ್ಲ. ಹಲ್ಲುಸೆಟ್ಟು ಹಾಕಿಕೊಂಡವರು ಸೀನಿದರೆ ಇಂಥ ಶಬ್ದ ಬರಬಹುದು. ಪುಸ್ತಕದ ಕೊನೆಯ ಸೂಚಿಯಲ್ಲಿ "ಉಸಿರುಗಟ್ಟುವುದು" ಹುಡುಕಿದರೆ "ಗಾಳಿ ನೋಡಿ" ಎಂದಿದೆ. "ಗಾಳಿ" ನೋಡಿದರೆ "ಉಸಿರುಗಟ್ಟುವುದು ನೋಡಿ" ಎಂದಿದೆ. ಈ ಎರಡರ ಮಧ್ಯೆ ಓಡಾಡುವಷ್ಟರಲ್ಲಿ ಹೊರಗೆ ತೇಲುವವಳ ಗತಿ ಏನು?

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ರೆಫರಿಯ ಅಧ್ಯಾಯ ಓದಿ. ರೆಫರಿ ತನ್ನ ಮುಂದೆ ಒಂದು ರಟ್ಟಿನ ಮರೆ ನಿಲ್ಲಿಸಿಕೊಂಡು, ಅದರ ಹಿಂದೆ ಕೂರಬೇಕಂತೆ. ನಾನು ಎತ್ತರದ ಕುರ್ಚಿಯಲ್ಲಿ ಊರಿಗೆಲ್ಲ ಕಾಣುವ ಹಾಗೆ ಕೂತವನು. ಮರೆಯಲ್ಲಿ ಕೂರುವವನು ರೆಫರಿಯಲ್ಲ, ಕಳ್ಳ. ಅದರ ಕೆಳಗೆ ಇನ್ನೊಂದು ಮಾತು: "ನಿಯಮಗಳು ರೆಫರಿಯ ಸೇವಕರು. ಆಟಕ್ಕೆ ಒಳ್ಳೆಯದಾಗುವುದಾದರೆ ಅವನು ಅವನ್ನು ಮುರಿಯಬಹುದು." ಈ ವಾಕ್ಯ ಬರೆದವನನ್ನು ಒಂದೇ ಒಂದು ಪಂದ್ಯಕ್ಕೆ ಆ ಕುರ್ಚಿಯಲ್ಲಿ ಕೂರಿಸಬೇಕು. ಆಟಗಾರರು ಕುರ್ಚಿಯ ಸಮೇತ ಎತ್ತಿಕೊಂಡು ಹೋಗುತ್ತಾರೆ.

ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆ.

ಜೂನ್ 5, ಗುರುವಾರ

ಪುಟ ನೂರ ಹತ್ತು. ಕಸ.

ಜೂನ್ 7, ಶನಿವಾರ

ಅಭ್ಯಾಸ ಪಂದ್ಯ ಬೇಕೇಬೇಕೆಂದು ಹಠ ಹಿಡಿದೆ. ನೇರವಾಗಿ ಫೈನಲ್ಲಿಗೆ ಇಳಿಯುವುದು ನನ್ನ ಪದ್ಧತಿಯಲ್ಲ. ಪುಟ್ಟಿಯ ಆಟದ ಜೊತೆಗಾರರಿಬ್ಬರೂ ಬಂದರು. ಒಬ್ಬ ಬೇಕರಿಯವನು. ಬಾಗಿಲಿನಷ್ಟು ಅಗಲ, ದನಿ ಮಾತ್ರ ಬೆಕ್ಕಿನ ಮರಿಯದ್ದು. ಆಟದಲ್ಲಿ ಅವನು ಮೊಣಕಾಲುದ್ದದ ರೋಬೋಟ್ ಡಾಕ್ಟರ್ ಅಂತೆ. ಇನ್ನೊಬ್ಬಳು ಪಶುವೈದ್ಯೆ. ಬಾಯಿ ಬಿಟ್ಟರೆ ಬೆಂಕಿ. ಆಟದಲ್ಲಿ ಅವಳು ಕಳ್ಳಸಾಗಣೆಯವಳು. ನೌಕೆಗೆ ಭಾವ ಇಟ್ಟ ಹೆಸರು "ಬಕೆಟ್". ಅದೊಂದು ಹೆಸರನ್ನಾದರೂ ಬಾಯಲ್ಲಿ ಹೇಳಬಹುದು.

ಮೇಜಿನ ಚಾದರ ತೆಗೆಯುವಂತಿಲ್ಲ, ಹಾಗಾಗಿ ನೆಲದ ಮೇಲೆ ಆಡಿದೆವು. ನಾನು ಅಡುಗೆಮನೆಯ ಎತ್ತರದ ಸ್ಟೂಲು ತಂದು ಅದರ ಮೇಲೆ ಕೂತೆ. ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿ ಚೌಕ ಮಾಡಿದೆ. ದಾಳ ಪಟ್ಟಿ ದಾಟಿದರೆ ಔಟ್, ಮತ್ತೆ ಹಾಕಬೇಕು. ಒಳಗೆ ಬಿದ್ದರೆ ಬಿದ್ದದ್ದೇ, ಅಪ್ಪನಾಣೆ ಹಾಕಿದರೂ ಬದಲಿಲ್ಲ. ಪುಸ್ತಕದಲ್ಲಿ ಈ ನಿಯಮ ಇಲ್ಲ. ಇಷ್ಟು ದಪ್ಪ ಪುಸ್ತಕದಲ್ಲಿ ಗೆರೆಯೇ ಇಲ್ಲ!

ಪುಟ್ಟಿ ಆಡಲಿಲ್ಲ, ಕುರ್ಚಿಯಿಂದಲೇ ನೋಡುತ್ತಿದ್ದಳು.

ನೌಕೆಯ ಗೋಡೆಯಲ್ಲಿ ತೂತು ಬಿದ್ದಿದೆ ಎಂದು ಶುರು ಮಾಡಿದೆ. ಬೇಕರಿಯವನು "ಅಯ್ಯೋ, ಎಷ್ಟು ದೊಡ್ಡ ತೂತು? ನಾನು ಬೇಗ ಹೋಗಿ..." ಎಂದು ಸರದಿ ಇಲ್ಲದೆ ಬಾಯಿ ಹಾಕಿದ. ಸೀಟಿ ಊದಿ ಹಳದಿ ಕಾರ್ಡ್ ತೋರಿಸಿದೆ. ಅವನ ಕೈಯಿಂದ ಬನ್ನು ಬಿತ್ತು. ಪಶುವೈದ್ಯೆ "ಇದೇನ್ರೀ ಇದು!" ಎಂದಳು. ಅವಳಿಗೂ ಒಂದು ತೋರಿಸಿದೆ. ಆಮೇಲೆ ಪುಸ್ತಕದ ಕೋಷ್ಟಕ ನೋಡಿ, ಅವರು ಯೋಚಿಸಲು ತೆಗೆದುಕೊಂಡ ಪ್ರತಿ ನಿಮಿಷಕ್ಕೂ ಗಾಳಿ ಕಳೆದೆ. ಚಹಾ ಕುದಿಯುವ ಮೊದಲೇ ಕಳ್ಳಸಾಗಣೆಯವಳು ಸತ್ತಳು. ರೋಬೋಟಿಗೆ ಗಾಳಿ ಬೇಡ ಎಂದು ಬೇಕರಿಯವನು ಮೆಲ್ಲಗೆ ಹೇಳಿದ. ಸರಿ, ಗಾಳಿ ಬೇಡ, ಚಳಿಗೆ ಬ್ಯಾಟರಿ ಹೆಪ್ಪುಗಟ್ಟುತ್ತದೆ, ಪುಟ ಇನ್ನೂರ ಆರು. ಅವನೂ ಹೋದ.

ಪಶುವೈದ್ಯೆ ಎದ್ದು ನಿಂತಳು. "ನೀವು ಆಟ ಆಡಿಸ್ತಿಲ್ಲ ಸರ್, ಪೋಸ್ಟ್‌ಮಾರ್ಟಂ ಮಾಡ್ತಿದೀರಿ. ನಾನು ಹಸು ಎಮ್ಮೆಗೆ ಮಾಡೋವಾಗ ಕೂಡ ಇದಕ್ಕಿಂತ ಸ್ವಲ್ಪ ಮರ್ಯಾದೆ ಇರುತ್ತೆ."

"ನಿಯಮ ಅಂದ್ರೆ ನಿಯಮ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ಭಾವನವರು ಕೂತಿದ್ದಿದ್ರೆ..." ಎಂದು ಶುರು ಮಾಡಿ, ಪುಟ್ಟಿಯ ಕಡೆ ನೋಡಿ, ಚೀಲ ಎತ್ತಿಕೊಂಡಳು.

ಚಪ್ಪಲಿ ಹಾಕಿಕೊಳ್ಳುವಾಗ ಬೇಕರಿಯವನು ನನ್ನ ಹತ್ತಿರ ಬಂದು "ಇವತ್ತು ಅಕ್ಕ ಒಂದು ಗಂಟೆ ಕಿಟಕಿ ಕಡೆ ನೋಡ್ಲಿಲ್ಲ ಸರ್" ಎಂದ. ನಾನು ನಿಯಮ ನೋಡುತ್ತಿದ್ದೆ, ಇದನ್ನೆಲ್ಲ ಗಮನಿಸಲು ನನಗೆ ಪುರುಸೊತ್ತೆಲ್ಲಿ?

ಜೂನ್ 8, ಭಾನುವಾರ

ಪೋಸ್ಟ್‌ಮಾರ್ಟಂ ಅಂತೆ. ಬಾಯಿ ನೋಡು ಅವಳದ್ದು.

ಜೂನ್ 11, ಬುಧವಾರ

ಪುಸ್ತಕದಲ್ಲಿರುವ ನೌಕೆಯ ನಕ್ಷೆ ಶುದ್ಧ ಎಡವಟ್ಟು. ಮಲಗುವ ಕೋಣೆಯಿಂದ ಎಂಜಿನ್ನಿಗೆ ಹೋಗಲು ಬಚ್ಚಲುಮನೆ ದಾಟಬೇಕು. ಯಾರಾದರೂ ಸ್ನಾನ ಮಾಡುತ್ತಿದ್ದರೆ ಎಂಜಿನ್ನಿಗೆ ಬೆಂಕಿ ಬಿದ್ದರೂ ಕಾಯಬೇಕೆ? ಇದನ್ನು ನೋಡಿಕೊಂಡು ಸುಮ್ಮನಿರಲಾಗದೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬೇರೆ ನಕ್ಷೆ ಬರೆದೆ. ಊಟದ ಹೊತ್ತು ತಪ್ಪಿತು. ಮೊಟ್ಟೆ ಹೊತ್ತಿತು.

ಹೊತ್ತಿದ ವಾಸನೆಗೆ ಪುಟ್ಟಿ ಎದ್ದು ಬಂದಳು. ನಕ್ಷೆಯ ಮೇಲೆ ಬಗ್ಗಿ ನೋಡಿ "ಬಾಗಿಲು ಇಲ್ಲಿ ಅಲ್ಲ, ಹಿಂದೆ ಇರೋದು. ಅವಳು ಹೊರಗೆ ಹೋಗಿದ್ದು ಹಿಂದಿನ ಬಾಗಿಲಿಂದ" ಎಂದಳು.

"ಯಾಕೆ ಹೋದ್ಲು ಹೊರಗೆ? ಒಳಗೆ ಕೂತಿರೋಕೆ ಏನಾಗಿತ್ತು?"

"ಬೇಕರಿಯವರ ರೋಬೋಟ್ ಹೊರಗೆ ಸಿಕ್ಕಿಹಾಕಿಕೊಂಡಿತ್ತು. ತಗೊಂಡು ಬರೋಕೆ ಹೋದ್ಲು. ಅದನ್ನ ಒಳಗೆ ತಳ್ಳಿದ್ಲು, ಅಷ್ಟೊತ್ತಿಗೆ ಹಗ್ಗ ಹೋಯ್ತು."

ಮೊಣಕಾಲುದ್ದದ ಡಬ್ಬಕ್ಕೋಸ್ಕರ ಪ್ರಾಣ ಕೊಡುವ ಪೈಲಟ್. ಇಂಥವಳ ಕೈಯಲ್ಲಿ ನೌಕೆ ಕೊಟ್ಟವರು ಯಾರು? ಬಾಗಿಲನ್ನು ಹಿಂದಕ್ಕೆ ಬರೆದೆ.

ಜೂನ್ 14, ಶನಿವಾರ

ಎರಡನೇ ಅಭ್ಯಾಸ ಪಂದ್ಯ. ಯಾರೂ ಸಾಯಲಿಲ್ಲ. ನಾನು ಸಡಿಲ ಬಿಟ್ಟೆ ಎಂದಲ್ಲ, ಅವರು ಸ್ವಲ್ಪ ನೆಟ್ಟಗೆ ಆಡಿದರು. ನೌಕೆಯನ್ನು ಒಂದು ಬಂದರಿನಲ್ಲಿ ನಿಲ್ಲಿಸಿ ಪರವಾನಗಿ ಕೇಳಬೇಕಿತ್ತು. ಬಂದರಿನ ಅಧಿಕಾರಿ ಹೇಗೆ ಮಾತಾಡುತ್ತಾನೆ ಎಂದು ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಕೊನೆಗೆ ನಮ್ಮ ಸಂಘದ ಕಾರ್ಯದರ್ಶಿಯನ್ನೇ ತಂದು ಕೂರಿಸಿದೆ. "ನೋಡೋಣ, ಮಾಡೋಣ, ಮುಂದಿನ ಸಭೇಲಿ ಇಡೋಣ" ಎಂದು ಮೂಗಿನಿಂದ ಹೇಳಿದೆ. ಪಶುವೈದ್ಯೆ ಬಿದ್ದು ಬಿದ್ದು ನಕ್ಕಳು. ಅಭಿನಯವೆಲ್ಲ ನನಗೆ ಆಗದು, ಅವನು ಮಾತಾಡುವುದೇ ಹಾಗೆ.

ಕಿಟಕಿಯ ಕಡೆಯಿಂದಲೂ ಒಂದು ನಗು ಬಂತು. ಎರಡೂವರೆ ತಿಂಗಳಲ್ಲಿ ಮೊದಲನೆಯದು. ನನಗೆ ಪುಟದ ಸಂಖ್ಯೆ ತಪ್ಪಿಹೋಯಿತು.

ಮುಂದಿನ ಶನಿವಾರ ದಾಳ ಎಂದು ನಿಶ್ಚಯವಾಯಿತು. ಒಂದು ದಾಳ ಹಾಕಲು ಇಷ್ಟು ಸಂಭ್ರಮ, ಥೂ.

ಜೂನ್ 17, ಮಂಗಳವಾರ

ಪುಸ್ತಕದ ಅಡಿಟಿಪ್ಪಣಿಗಳ ಅಕ್ಷರ ಇರುವೆಗಿಂತ ಸಣ್ಣ. ಬೈದುಕೊಂಡು ಓದುತ್ತಿದ್ದೆ. ಪುಟ್ಟಿ ಎದ್ದಳು. ಕಪಾಟಿನಿಂದ ಅಂಗಡಿಯ ಹಳೆಯ ಅಕ್ಷರಪಟ ತೆಗೆದು ಗೋಡೆಗೆ ತೂಗುಹಾಕಿದಳು. "ಒಂದು ಕಣ್ಣು ಮುಚ್ಚು. ಓದು" ಎಂದಳು. ಅದೇ ಅವಳ ಅಂಗಡಿಯ ದನಿ.

ಮೇಲಿನಿಂದ ಕೊನೆಯ ಸಾಲಿನವರೆಗೂ ಓದಿದೆ. ಇನ್ನೊಂದು ಕಣ್ಣಿನಿಂದಲೂ ಓದಿದೆ. ಪಟದ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಓದಿದೆ, ಅದನ್ನು ಯಾರೂ ಕೇಳಿರಲಿಲ್ಲ.

"ನಿನ್ ಕಣ್ಣಿಗೆ ಏನೂ ಆಗಿಲ್ಲ ಅಣ್ಣ. ಹದ್ದಿನ ಕಣ್ಣು. ಈ ವಯಸ್ಸಲ್ಲಿ ಇಂಥ ಕಣ್ಣು ನಾನು ನೋಡೇ ಇಲ್ಲ."

"ನಮ್ಮ ಸಂಘದವರಿಗೆ ಬರೆದುಕೊಡು."

ಅವಳು ಪಟವನ್ನು ಮತ್ತೆ ಸುರುಳಿ ಸುತ್ತಿಡಲಿಲ್ಲ. ಇನ್ನೂ ಗೋಡೆಯ ಮೇಲೇ ಇದೆ.

ಜೂನ್ 21, ಶನಿವಾರ

ಬೇಕರಿಯವನಿಗೆ ಯಾವುದೋ ದೊಡ್ಡ ಆರ್ಡರ್ ಬಂತಂತೆ, ಆಟ ಮುಂದಕ್ಕೆ. ಇದೇನು ಮಕ್ಕಳಾಟವೆ? ಒಬ್ಬಳು ಅಲ್ಲಿ ಗಾಳಿ ಇಲ್ಲದೆ ತೇಲುತ್ತಿದ್ದಾಳೆ, ಇವನಿಗೆ ಕೇಕು ಮುಖ್ಯ. ಫೋನಿನಲ್ಲಿ ಚೆನ್ನಾಗಿ ಬೈದೆ. ಅವನು "ಸರ್, ನೀವೂ ಭಾವನವರ ತರಾನೇ ಬೈತೀರ" ಎಂದ. ಅವನಿಗೆ ಬೈಗುಳವೂ ಸಿಹಿಯೇ ಇರಬೇಕು.

ಅಂಗಡಿಯ ಯಜಮಾನ ಮತ್ತೆ ಫೋನ್ ಮಾಡಿದ. ಈ ಸಲ ಪುಟ್ಟಿಯೇ ತೆಗೆದುಕೊಂಡಳು. "ಮುಂದಿನ ಶನಿವಾರ ಆದ್ಮೇಲೆ ಹೇಳ್ತೀನಿ" ಎಂದಳು.

ಜೂನ್ 24, ಮಂಗಳವಾರ

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪುಸ್ತಕವನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದೆ. ತೇಲುವ ಪೈಲಟ್ಟಿಗೆ ಅನುಕೂಲವಾಗುವ ಒಂದಾದರೂ ನಿಯಮ ಇದೆಯೆ ಎಂದು. ಅನುಭವಿ ಪೈಲಟ್ಟಿಗೆ ಎರಡು ಅಂಕ ಹೆಚ್ಚು ಸಿಗುತ್ತದೆ, ಆದರೆ ನೌಕೆಯ ಒಳಗಿದ್ದರೆ ಮಾತ್ರ. ಜೊತೆಗಾರರು ಕೈ ಚಾಚಿದರೆ ಮೂರು ಅಂಕ ಸಿಗುತ್ತದೆ, ಹಗ್ಗ ಇದ್ದರೆ ಮಾತ್ರ. ಇನ್ನೊಬ್ಬರನ್ನು ಉಳಿಸಲು ಹೋಗಿ ಸಿಕ್ಕಿಬಿದ್ದವರಿಗೆ ಏನೂ ಇಲ್ಲ. ನಾನೂರು ಪುಟ ಬರೆದ ಕೈಗೆ ಆ ಒಂದು ಸಾಲು ಬರೆಯಲು ಏನು ದಾಡಿ ಬಂದಿತ್ತು? ಜಿಪುಣರು. ಬಂದೂಕಿಗೆ ಇಪ್ಪತ್ತೆರಡು ಪುಟ ಕೊಟ್ಟಿದ್ದಾರೆ.

ಹನ್ನೊಂದು ಬೀಳಬೇಕು. ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ.

ಒಂದು ನಾಣ್ಯ ಚಿಮ್ಮಿ ಮನೆ ಖಾಲಿ ಮಾಡುವುದೆ? ಈ ಮಾತು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಜೂನ್ 26, ಗುರುವಾರ

ಪುಟ್ಟಿಗೆ ಹೇಳಿದೆ. "ದಾಳದ ಮಾತು ದಾಳಕ್ಕೆ, ಕೆಲಸದ ಮಾತು ಕೆಲಸಕ್ಕೆ. ಎರಡನ್ನೂ ಯಾಕೆ ಗಂಟು ಹಾಕ್ತೀಯ?"

"ನಿನಗೆ ಅರ್ಥ ಆಗಲ್ಲ ಅಣ್ಣ. ಅವರು ನನ್ನನ್ನ ಅಲ್ಲಿ ಬಿಟ್ಟು ಹೋಗಿದಾರೆ. ಒಳಗೆ ಬರೋಕಾಗುತ್ತೋ ಇಲ್ವೋ ನೋಡ್ಬೇಕು."

"ಹಾಗಾದ್ರೆ ಸುಮ್ನೆ ಬಂದ್ಬಿಡು ಒಳಗೆ! ಯಾರು ಬೇಡ ಅಂದ್ರು?"

"ನೀನು ಬೇಡ ಅಂತಿದ್ದೆ. ನೆಟ್ ಮುಟ್ಟಿದ್ರೆ ಮುಟ್ಟಿದ್ದೇ ಅಂತಿದ್ದೆ" ಎಂದು ಸಣ್ಣಗೆ ನಕ್ಕಳು.

ಜೂನ್ 28, ಶನಿವಾರ

ಬರೆದುಬಿಡುತ್ತೇನೆ, ನಾಳೆಗೆ ಮರೆತರೆ ಕಷ್ಟ. ಮರೆಯುವುದಿಲ್ಲ, ಆದರೂ.

ಚಾದರವನ್ನು ಪುಟ್ಟಿಯೇ ತೆಗೆದಳು. ತಲೆ ಬಾಚಿಕೊಂಡಿದ್ದಳು. ಮೇಜಿನ ಮೇಲೆ ಎಲ್ಲ ಹಾಗೇ ಇತ್ತು. ನೌಕೆಯ ಜಾಗದಲ್ಲಿ ಬಾಟಲಿ ಮುಚ್ಚಳ, ಒಳಗೆ ಎರಡು ಗುಂಡಿ, ಹೊರಗೆ ದೂರದಲ್ಲಿ ಒಂದು ಕೆಂಪು ಗುಂಡಿ. ಅದೇ ಅವಳು. ಭಾವನ ಅಂಗಿಯ ಗುಂಡಿಯಂತೆ. ಭಾವ ಕುಡಿದಿಟ್ಟ ಲೋಟದ ವೃತ್ತವೂ ಮರದ ಮೇಲೆ ಇತ್ತು. ನಾನು ಸ್ಟೂಲು ತರಲು ಹೋದೆ. ಪುಟ್ಟಿ ತಡೆದು, "ಅವರ ಕುರ್ಚಿಲೇ ಕೂತ್ಕೋ ಅಣ್ಣ" ಎಂದಳು. ಕೂತೆ. ಎದುರಿಗೆ ಅವನು ಬಿಟ್ಟುಹೋದ ರಟ್ಟಿನ ಮರೆ. ಅದನ್ನು ಮಡಚಿ ಇಡೋಣ ಎಂದುಕೊಂಡೆ. ಅದರ ಒಳಮೈಗೆ ಅವನ ಕೈಬರಹದಲ್ಲಿ "ನಗಿಸು" ಎಂದು ಬರೆದಿತ್ತು, ಅಷ್ಟೇ. ನಿಯಮ ಬರೆದುಕೊಳ್ಳುವ ಜಾಗ ಅದು. ಎಂಥ ರೆಫರಿ! ಮಡಚಲಿಲ್ಲ.

ಮೇಜಿನ ಅಂಚಿನಿಂದ ನಾಲ್ಕು ಬೆರಳು ಒಳಗೆ ಸುತ್ತಲೂ ಬಿಳಿ ಪಟ್ಟಿ ಅಂಟಿಸಿದೆ. ಪಟ್ಟಿ ದಾಟಿದರೆ ಔಟ್, ಒಳಗೆ ಬಿದ್ದರೆ ಬಿದ್ದದ್ದೇ ಎಂದು ಎಲ್ಲರಿಗೂ ಮತ್ತೊಮ್ಮೆ ಹೇಳಿದೆ. ಬೇಕರಿಯವನು ಕಣ್ಣು ಮುಚ್ಚಿಕೊಂಡ. ಪಶುವೈದ್ಯೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

ಸೀಟಿ ಊದಿದೆ. ಪುಟ್ಟಿ ದಾಳವನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಎಸೆದಳು. ಜೋರಾಗಿ ಬಂತು. ಬೇಕರಿಯವನ ಚಹಾ ಲೋಟಕ್ಕೆ ಬಡಿದು, ಪುಟಿದು, ಮರೆಯ ಅಂಚು ಸವರಿಕೊಂಡು ನನ್ನ ಕಡೆ ಬಂದು ನಿಂತಿತು. ಬೇರೆ ಯಾರಿಗೂ ಕಾಣುವ ಹಾಗಿಲ್ಲ. ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ದಾಳ ನೋಡುತ್ತಿದ್ದೆ.

"ಔಟ್" ಎಂದೆ.

ಔಟ್‌ಗೆ ಸೀಟಿ ಊದಲಿಲ್ಲ. ಅದು ಕೈಯಲ್ಲೇ ಇತ್ತು.

"ಔಟಾ? ನಿಜವಾಗ್ಲೂ?" ಎಂದಳು ಪಶುವೈದ್ಯೆ.

"ನನ್ನ ಕಣ್ಣಿಗೆ ಔಟ್ ಅಂತ ಕಂಡಿತು. ಮತ್ತೆ ಹಾಕ್ಬೇಕು." ದಾಳ ತೆಗೆದು ಪುಟ್ಟಿಯ ಕೈಗೆ ಕೊಟ್ಟೆ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಅಕ್ಷರಪಟದ ಮುಂದೆ ಕೂರಿಸಿ ನೋಡುವ ಹಾಗೆ.

ಎರಡನೇ ಸಲ ಬಿದ್ದದ್ದು ಹದಿನಾಲ್ಕು. ಮೇಜಿನ ನಟ್ಟನಡುವೆ. ಎಲ್ಲರೂ ನೋಡಿದರು. ಬೇಕರಿಯವನು ಎದ್ದು ನಿಂತು ಗಳಗಳನೆ ಅತ್ತ, ಆ ದೇಹ ಇಟ್ಟುಕೊಂಡು. ಪಶುವೈದ್ಯೆ ಪುಟ್ಟಿಯನ್ನು ತಬ್ಬಿಕೊಂಡಳು. ಪುಟ್ಟಿ ಕೆಂಪು ಗುಂಡಿಯನ್ನು ಎತ್ತಿ ಮುಚ್ಚಳದ ಒಳಗೆ, ಉಳಿದೆರಡರ ಪಕ್ಕದಲ್ಲಿ ಇಟ್ಟಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಭಾವ ಹೋದ ದಿನವೂ ಹೀಗೆ ಅತ್ತಿರಲಿಲ್ಲ.

ಔಟ್ ಆದ ದಾಳದ ಮೇಲೆ ಎಷ್ಟಿತ್ತು ಎನ್ನುವುದು ಲೆಕ್ಕಕ್ಕಿಲ್ಲ. ಮೂರು ಇತ್ತು. ಪಟ್ಟಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಇದ್ದರೆ ಇದ್ದೀತು, ಒಳಗಡೆಗೆ. ಆ ಮೂಲೆಯಲ್ಲಿ ಬೆಳಕು ಕಡಿಮೆ. ರಟ್ಟಿನ ನೆರಳು ಬೇರೆ. ಅದಕ್ಕೇ ಹೇಳುವುದು, ರೆಫರಿಯನ್ನು ಮರೆಯಲ್ಲಿ ಕೂರಿಸಬಾರದು ಎಂದು. ತಪ್ಪೆಲ್ಲ ಪುಸ್ತಕದ್ದು.

ಜೂನ್ 29, ಭಾನುವಾರ

ಮೇಜಿನ ಮೇಲೆ ಊಟ ಮಾಡಿದೆವು. ಮುಚ್ಚಳ, ಗುಂಡಿಗಳನ್ನು ಪುಟ್ಟಿ ಒಂದು ಡಬ್ಬಿಗೆ ಹಾಕಿಟ್ಟಳು. ಬಿಳಿ ಪಟ್ಟಿ ಮಾತ್ರ ಕೀಳಬೇಡ ಎಂದಳು.

ಪುಸ್ತಕದಲ್ಲಿ ನಾನು ಪೆನ್ಸಿಲಿನಿಂದ ಹೊಡೆದುಹಾಕಿದ್ದ ಸಾಲನ್ನು ರಬ್ಬರಿನಿಂದ ಅಳಿಸಿ ಮೊದಲಿನ ಹಾಗೆ ಮಾಡಿದೆ. ಬೇರೆಯವರ ಪುಸ್ತಕ, ಗಲೀಜಾಗಿ ಕಾಣುತ್ತಿತ್ತು.

ಜೂನ್ 30, ಸೋಮವಾರ

ಪುಟ್ಟಿ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಊಟದ ಡಬ್ಬಿ ಕಟ್ಟಿಕೊಂಡು ಅಂಗಡಿಗೆ ಹೋದಳು. ಬಾಗಿಲಲ್ಲಿ ನಿಂತು "ಮೊಟ್ಟೆ ಹೊತ್ತಿಸಬೇಡ" ಎಂದಳು.

ಮನೆಯಲ್ಲಿ ಮಾಡಲು ಕೆಲಸವಿಲ್ಲ. ಇಡೀ ದಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ರಸ್ತೆ ನೋಡಿದೆ, ಅವಳು ಬರುವವರೆಗೂ.

ಜುಲೈ 3, ಗುರುವಾರ

ನನ್ನ ಊರಿಗೆ ಹೊರಡುತ್ತೇನೆ ಎಂದೆ. "ಶನಿವಾರ ಯಾರು ಆಡಿಸ್ತಾರೆ?" ಎಂದಳು ಪುಟ್ಟಿ. ಪೈಲಟ್ ಒಳಗೆ ಬಂದಳಷ್ಟೆ, ನೌಕೆಯ ಎಂಜಿನ್ ಇನ್ನೂ ಕೆಟ್ಟೇ ಇದೆಯಂತೆ. ಹಿಂದಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವಂತೆ. ಬೇಕರಿಯವನಿಗೆ ಹಳದಿ ಕಾರ್ಡ್ ಬೇಕಂತೆ, ಅದಿಲ್ಲದೆ ಆಟ ಸಪ್ಪೆ ಅಂತೆ. ಇಂಥ ಜನರನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಬಚ್ಚಲುಮನೆ ದಾಟಿ ಎಂಜಿನ್ನಿಗೆ ಹೋಗುವ ಬುದ್ಧಿವಂತರು. ಇನ್ನೊಂದು ವಾರ ಇರುತ್ತೇನೆ.

ಸಂಜೆ ಪುಟ್ಟಿ ಅಂಗಡಿಯಿಂದ ಬಂದು ನನ್ನ ಮುಂದೆ ಒಂದು ಕನ್ನಡಕದ ಡಬ್ಬಿ ಇಟ್ಟಳು.

"ಏನಿದು?"

"ಶನಿವಾರ ಗೆರೆ ಸರಿಯಾಗಿ ಕಾಣ್ಲಿಲ್ಲ ಅಲ್ವಾ ಅಣ್ಣ ನಿನಗೆ. ಅದಕ್ಕೇ ಮಾಡಿಸ್ದೆ. ಆಟ ಆಡಿಸೋವಾಗ ಹಾಕ್ಕೋ."

ಇನ್ನೇನೂ ಹೇಳದೆ ಅಡುಗೆಮನೆಗೆ ಹೋದಳು. ಅಲ್ಲಿಂದ ಏನೋ ಗುನುಗುವುದು ಕೇಳಿಸಿತು.

ಹಾಕಿಕೊಂಡು ನೋಡಿದೆ. ಗೋಡೆಯ ಮೇಲಿನ ಅಕ್ಷರಪಟ ನೋಡಿದೆ. ತೆಗೆದು ನೋಡಿದೆ, ಮತ್ತೆ ಹಾಕಿ ನೋಡಿದೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬರೀ ಗಾಜು, ಪವರೇ ಇಲ್ಲ. ಇಷ್ಟು ವರ್ಷ ಕಣ್ಣು ನೋಡುವ ಕೆಲಸ ಮಾಡಿದವಳು ಇಂಥ ತಪ್ಪು ಮಾಡುತ್ತಾಳೆಯೆ?

ಈಗ ಇದನ್ನು ಬರೆಯುವಾಗಲೂ ಅದನ್ನೇ ಹಾಕಿಕೊಂಡಿದ್ದೇನೆ. ದಂಡದ ಕನ್ನಡಕ. ಗಾಜು ಪದೇ ಪದೇ ಮಂಜಾಗುತ್ತದೆ ಬೇರೆ, ಒರೆಸಿ ಒರೆಸಿ ಸಾಕಾಯಿತು.